ಗೊಮ್ಮಟನ ಚಿತ್ರ ಬರೆಸಿದ ಕರ್ನಲ್ ಮೆಕೆಂಝಿ, ಓಲೆಗರಿ ಓದಿ ಹೇಳಿದ ಮಲೆಯೂರಿನ ಧರ್ಮಯ್ಯ



ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಒಂದು ಹಳೆಯ ತೈಲಚಿತ್ರವಿದೆ. 1816ರಲ್ಲಿ ಮದ್ರಾಸಿನಲ್ಲಿ ಅದನ್ನು ಬರೆದವರು ಥಾಮಸ್ ಹಿಕ್ಕಿ ಎಂಬ ಐರ್ಲೆಂಡ್ ದೇಶದ ಚಿತ್ರಕಾರರು. ಚಿತ್ರದ ನಡುವೆ ಕೆಂಪು ಕೋಟು ತೊಟ್ಟ ಬಿಳಿಯ ಸೇನಾಧಿಕಾರಿಯೊಬ್ಬರು ನಿಂತಿದ್ದಾರೆ. ಅವರ ಅಕ್ಕಪಕ್ಕ ನಮ್ಮ ದೇಶದವರು ಮೂವರು. ಒಬ್ಬರ ಕೈಯಲ್ಲಿ ದುರ್ಬೀನು, ಇನ್ನೊಬ್ಬರ ಕೈಯಲ್ಲಿ ಓಲೆಗರಿ. ಹಿಂದೆ ದೂರದಲ್ಲಿ ದಿಗಂಬರನಾಗಿ ನಿಂತ ಬಾಹುಬಲಿ ಸ್ವಾಮಿ. ಅದು ಕಾರ್ಕಳದ ಗೊಮ್ಮಟ ಎಂದು ಗುರುತಿಸುತ್ತಾರೆ, ಬೆಳಗೊಳದ ಗೊಮ್ಮಟ ಎನ್ನುವವರೂ ಇದ್ದಾರೆ.

ಕೆಂಪು ಕೋಟಿನವರು ಕರ್ನಲ್ ಕಾಲಿನ್ ಮೆಕೆಂಝಿ. ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದವರು. ಓಲೆಗರಿ ಹಿಡಿದ ವೃದ್ಧರು ನಮ್ಮವರು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಜೈನ ಪಂಡಿತರಾದ ಧರ್ಮಯ್ಯನವರು. ಕೊಳ್ಳೇಗಾಲದಿಂದ ಹೊರಟು ಯಳಂದೂರು, ಸಂತೇಮರಹಳ್ಳಿ, ಚಾಮರಾಜನಗರ ದಾಟಿ ನಾವೆಲ್ಲ ಕನಕಗಿರಿ ದರ್ಶನಕ್ಕೆ ಹೋಗುತ್ತೇವಲ್ಲ, ಆ ಬೆಟ್ಟದ ಬುಡದ ಊರೇ ಮಲೆಯೂರು. ಬೆಟ್ಟ ಹತ್ತಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡಿ, ಇಳಿದು, ಊಟ ಮಾಡಿ ಬಸ್ಸು ಹತ್ತುತ್ತೇವೆ. ಇನ್ನೂರು ವರ್ಷದ ಹಿಂದೆ ಈ ಊರಿನ ಒಬ್ಬ ಪಂಡಿತರು ನಮ್ಮ ಧರ್ಮದ ವಿಚಾರವನ್ನು ಯುರೋಪಿಗೆ ಸರಿಯಾಗಿ ತಿಳಿಸುವುದರಲ್ಲಿ ಪಾಲುಗಾರರಾಗಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನನಗೂ ಅರವತ್ತು ದಾಟುವವರೆಗೆ ಗೊತ್ತಿರಲಿಲ್ಲ. ಆದ್ದರಿಂದ ಮೆಕೆಂಝಿಯವರ ಜೀವನವನ್ನು ನಮ್ಮ ಮನೆಮಂದಿಗೆ ತಿಳಿಯುವ ಹಾಗೆ ಬರೆಯುತ್ತಿದ್ದೇನೆ.

ದ್ವೀಪದಿಂದ ಮದ್ರಾಸಿಗೆ

ಕಾಲಿನ್ ಮೆಕೆಂಝಿಯವರು ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೋವೇ ಎಂಬ ಬಂದರು ಊರಿನಲ್ಲಿ. ಗಾಳಿ, ಮಳೆ, ಮೀನುಗಾರಿಕೆಯ ಊರು ಅದು. ವಯಸ್ಸಿಗೆ ಬಂದ ಮೇಲೆ ಅಲ್ಲಿನ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿದರು. ಲೆಕ್ಕದಲ್ಲಿ, ಗಣಿತದಲ್ಲಿ ಬಹಳ ಆಸಕ್ತಿ. ಲಾಗರಿದಮ್ ಲೆಕ್ಕವನ್ನು ಕಂಡುಹಿಡಿದ ಜಾನ್ ನೇಪಿಯರ್ ಅವರ ವಂಶದ ಒಬ್ಬ ಪ್ರಭುಗಳು ತಮ್ಮ ಪೂರ್ವಜರ ಚರಿತ್ರೆ ಬರೆಯಬೇಕೆಂದಿದ್ದರು. ಹಿಂದೂಸ್ಥಾನದವರಿಗೆ ಈ ಲೆಕ್ಕಗಳು ಎಷ್ಟರಮಟ್ಟಿಗೆ ತಿಳಿದಿದ್ದವು ಎಂದು ವಿಚಾರಿಸಲು ಮೆಕೆಂಝಿಯವರ ನೆರವು ಕೇಳಿದರು. ನಮ್ಮ ದೇಶದ ವಿದ್ಯೆಯ ಮೇಲೆ ಅವರ ಕುತೂಹಲ ಹುಟ್ಟಿದ್ದು ಹೀಗೆ.

1783ರಲ್ಲಿ, ಸುಮಾರು ಮೂವತ್ತರ ವಯಸ್ಸಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ ಮದ್ರಾಸಿಗೆ ಬಂದರು. ಮತ್ತೆ ಎಂದೂ ಹುಟ್ಟೂರಿಗೆ ಹೋಗಲಿಲ್ಲ. ಮೊದಲ ವರ್ಷಗಳ ಕೆಲಸ ಕೊಯಮತ್ತೂರು, ದಿಂಡಿಗಲ್ ಕಡೆ. ಆಮೇಲೆ ಎಂಜಿನಿಯರ್ ದಳಕ್ಕೆ ವರ್ಗವಾಯಿತು. ದಾರಿ ಗುರುತಿಸುವುದು, ಕೋಟೆ ಅಳೆಯುವುದು, ನಕ್ಷೆ ಬರೆಯುವುದು ಅವರ ಕಸುಬಾಯಿತು. ಟಿಪ್ಪು ಸುಲ್ತಾನರ ಮೇಲಿನ ಯುದ್ಧಗಳಲ್ಲಿ 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದರು. ನಡುವೆ ನಿಜಾಮರ ಸೀಮೆಯ ಸರ್ವೆ ಮಾಡಿದರು, ಸಿಂಹಳಕ್ಕೂ ಹೋಗಿಬಂದರು. ಅವರು ಕಂಪನಿಯ ಸಿಪಾಯಿ ಎಂಬುದನ್ನು ಮರೆಯಬಾರದು. ಅವರ ನಕ್ಷೆಗಳಿಂದ ಮೊದಲು ಲಾಭವಾದದ್ದು ಕಂಪನಿಗೆ.

ನಮ್ಮ ಊರುಗಳ ನಡುವೆ ಬಂದ ಗಡಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ರಾಜ್ಯವನ್ನು ಹಂಚಿದರು. ಮೈಸೂರು ಭಾಗಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದರು. ಕೊಯಮತ್ತೂರು ಸೀಮೆಯನ್ನು ಕಂಪನಿ ತಾನೇ ಇಟ್ಟುಕೊಂಡಿತು. ಅದರ ಜೊತೆ ಕೊಳ್ಳೇಗಾಲವೂ, ಇವತ್ತಿನ ಹನೂರು ತಾಲ್ಲೂಕಿನ ಊರುಗಳೂ ಕಂಪನಿಯ ಕೈಗೆ ಹೋದವು. ಯಳಂದೂರು ಮೈಸೂರಿನಲ್ಲೇ ಉಳಿಯಿತು, 1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಒಂದೇ ಸಂತೆಗೆ ಹೋಗಿಬರುವ ಊರುಗಳ ನಡುವೆ ಹೀಗೆ ಗಡಿ ಬಂತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ಮದ್ರಾಸಿಗೇ ಸೇರಿತ್ತು. ನಮ್ಮ ಹಿರಿಯರು ಕೊಯಮತ್ತೂರು ಕಲೆಕ್ಟರ ಹೆಸರು ಹೇಳುತ್ತಿದ್ದುದನ್ನು ನನ್ನ ವಯಸ್ಸಿನವರು ಕೇಳಿಯೇ ಬೆಳೆದೆವು.

ಈ ಹೊಸ ಗಡಿಗಳನ್ನು ಗುರುತಿಸಿ, ಇಡೀ ಮೈಸೂರು ರಾಜ್ಯವನ್ನು ಅಳೆಯುವ ಕೆಲಸವನ್ನು ಮೆಕೆಂಝಿಯವರಿಗೆ ವಹಿಸಿದರು. ಸುಮಾರು ಹತ್ತು ವರ್ಷ ಈ ಸರ್ವೆ ನಡೆಯಿತು. ಅಳೆದ ನೆಲ ಸುಮಾರು 40,000 ಚದರ ಮೈಲಿ. ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿ ಹಿಡಿದು ತ್ರಿಕೋನ ಕಟ್ಟಿ ಅಳೆಯುವ ಕ್ರಮ. ಕಾಡುಜ್ವರ ಬಂದು ಇಡೀ ತಂಡ ಮಲಗುತ್ತಿತ್ತು. ಮೇಲಿನವರು ಖರ್ಚನ್ನೂ ಕಡಿತ ಮಾಡಿದರು. ಆದರೂ ಮೆಕೆಂಝಿಯವರು ಬಿಡಲಿಲ್ಲ. ಊರು, ಕೆರೆ, ಕಾಲುವೆ, ರಸ್ತೆಗಳ ಜೊತೆಗೆ ಗುಡಿ, ಬಸದಿ, ಶಾಸನ, ವೀರಗಲ್ಲುಗಳನ್ನೂ ಗುರುತು ಹಾಕಿಸಿದರು. ಶಾನುಭೋಗರನ್ನು, ಊರ ಹಿರಿಯರನ್ನು, ಮಠದವರನ್ನು ಕೇಳಿ ಊರೂರಿನ ಕಥೆ ಬರೆಸಿದರು. ಹೀಗೆ ಬರೆಸಿದ ಊರಿನ ವೃತ್ತಾಂತಕ್ಕೆ ಕೈಫಿಯತ್ತು ಎಂದು ಹೆಸರು.

ಅದೇ ಕಾಲದಲ್ಲಿ, 1800–01ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯರೂ ಕಂಪನಿಯ ಆಜ್ಞೆಯಂತೆ ಮೈಸೂರು, ಕೊಯಮತ್ತೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದರು. ನಮ್ಮ ಹನೂರು ಕಡೆಯ ದಾರಿಯಲ್ಲೇ ಅವರು ಕೊಯಮತ್ತೂರು ಸೀಮೆಗೆ ಇಳಿದದ್ದು. ಬುಕನನ್ ಒಮ್ಮೆ ನೋಡಿ, ಕೇಳಿ, ಬರೆದುಕೊಂಡು ಮುಂದಕ್ಕೆ ಹೋದವರು. ಮೆಕೆಂಝಿ ಅದೇ ನೆಲದಲ್ಲಿ ವರ್ಷಗಟ್ಟಲೆ ನಿಂತವರು.

ಚಿತ್ರಕಾರರ ಕಾಲ

ಅದು ಯುರೋಪಿನ ಚಿತ್ರಕಾರರು ನಮ್ಮ ದೇಶವನ್ನು ಸುತ್ತುತ್ತಿದ್ದ ಕಾಲ. ಬಂಡೆಯಲ್ಲಿ ಕೊರೆದ ಗುಡಿಗಳೆಂದರೆ ಅವರಿಗೆ ಎಲ್ಲಿಲ್ಲದ ಬೆರಗು. ಥಾಮಸ್ ಡೇನಿಯಲ್ ಮತ್ತು ಅವರ ಅಣ್ಣನ ಮಗ ವಿಲಿಯಂ ಡೇನಿಯಲ್ ಎಲಿಫೆಂಟಾ ಗುಹೆ, ಮಹಾಬಲಿಪುರ, ದಕ್ಷಿಣದ ದೊಡ್ಡ ದೊಡ್ಡ ದೇವಸ್ಥಾನಗಳ ಚಿತ್ರ ಬರೆದರು. ಜೇಮ್ಸ್ ವೇಲ್ಸ್ ಎಂಬ ಸ್ಕಾಟ್ಲೆಂಡಿನ ಚಿತ್ರಕಾರರು ಎಲ್ಲೋರದ ಗುಹೆಗಳ ಚಿತ್ರ ಬರೆದು 1795ರಲ್ಲಿ ಇಲ್ಲೇ ತೀರಿಕೊಂಡರು. ಆ ಚಿತ್ರಗಳನ್ನು ಥಾಮಸ್ ಡೇನಿಯಲ್ 1803ರಲ್ಲಿ ಲಂಡನ್ನಿನಲ್ಲಿ 24 ಫಲಕಗಳಾಗಿ ಅಚ್ಚು ಹಾಕಿಸಿದರು.

ಎಲ್ಲೋರದಲ್ಲಿ ಇಂದ್ರಸಭಾ, ಜಗನ್ನಾಥಸಭಾ ಎಂಬ ನಮ್ಮ ಜೈನ ಗುಹೆಗಳಿವೆ. ಅಲ್ಲಿ ಪಾರ್ಶ್ವನಾಥ ಸ್ವಾಮಿ, ಬಾಹುಬಲಿ, ಅಂಬಿಕಾ ಯಕ್ಷಿ ಎಲ್ಲರೂ ಇದ್ದಾರೆ. ಆದರೆ 1803ರ ಆ ಪುಸ್ತಕದ ಹೆಸರಿನಲ್ಲಿ ಎಲ್ಲೋರ ಬೆಟ್ಟದ ಕೆತ್ತನೆಗಳೆಲ್ಲ ಹಿಂದೂ ಎಂದೇ ಸೇರಿಹೋದವು. ಬೌದ್ಧರ ಗುಹೆಗಳದ್ದೂ ಅದೇ ಕಥೆ. ಇದರಲ್ಲಿ ಚಿತ್ರಕಾರರ ದುರುದ್ದೇಶ ಏನೂ ಇರಲಿಲ್ಲ. ಅವರು ನೆರಳು ಬೆಳಕನ್ನು, ಕಂಬವನ್ನು, ಬಂಡೆಯನ್ನು ಬಹಳ ಚೆನ್ನಾಗಿ ಬರೆದರು. ಎದುರಿಗೆ ಕೂತ ಮೂರ್ತಿ ಯಾರದ್ದು ಎಂದು ಹೇಳುವವರು ಮಾತ್ರ ಅವರ ಪಕ್ಕದಲ್ಲಿ ಇರಲಿಲ್ಲ. ಮೂರ್ತಿಯ ಪೀಠದ ಮೇಲಿನ ಲಾಂಛನ ನೋಡಿ ಇವರು ಇಂಥ ತೀರ್ಥಂಕರರು ಎಂದು ನಮ್ಮ ಮನೆಯ ಮಕ್ಕಳೂ ಹೇಳುತ್ತಾರೆ. ತಿಳಿಯದವರಿಗೆ ಅದು ಬರೀ ಕಲ್ಲಿನ ಕುಸುರಿ.

ಮೆಕೆಂಝಿಯವರ ರೀತಿ ಬೇರೆಯಾಯಿತು. ಅವರ ಜೊತೆ ಚಿತ್ರ ಬರೆಯುತ್ತಿದ್ದವರು ಹೆಸರಾಂತ ಕಲಾವಿದರಲ್ಲ. ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರು. ಅವರಲ್ಲಿ ಹಲವರು ಅನಾಥಾಲಯದಿಂದ ಬಂದವರು, ತಂದೆ ಯುರೋಪಿನವರು, ತಾಯಿ ಇಲ್ಲಿನವರು. ಅವರಿಗೆ ಮೆಕೆಂಝಿಯವರು ಕಲಿಸಿದ್ದು ಅಳೆದು ಬರೆಯುವುದನ್ನು. ಜಾನ್ ನ್ಯೂಮನ್ ಎಂಬುವರು ಮುಂದೆ ಈ ನಕಾಶೆಗಾರರ ಮುಖ್ಯಸ್ಥರಾದರು. ಚಿತ್ರ ಅಂದವಾಗಿ ಬರುವುದಕ್ಕಿಂತ ಅಳತೆ ಸರಿ ಬರುವುದು ಅವರಿಗೆ ಮುಖ್ಯವಾಗಿತ್ತು.

ಓದಿ ಹೇಳಿದವರು

ಮೆಕೆಂಝಿಯವರಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಮೂವತ್ತೆಂಟು ವರ್ಷ ಇಲ್ಲಿದ್ದೂ ಕಲಿಯಲಾಗಲಿಲ್ಲ ಎಂಬ ಕೊರಗು ಅವರಿಗಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಅವರ ಕೆಲಸವೆಲ್ಲ ನಿಂತಿದ್ದು ಜೊತೆಗಿದ್ದ ನಮ್ಮ ದೇಶದ ವಿದ್ವಾಂಸರ ಮೇಲೆ.

ಅವರಲ್ಲಿ ಮೊದಲನೆಯವರು ಕಾವಲಿ ವೆಂಕಟ ಬೊರ್ರಯ್ಯ, ತೆಲುಗು ಬ್ರಾಹ್ಮಣರು. 1796ರ ಸುಮಾರಿಗೆ ಜೊತೆಗೂಡಿದರು. ಹಳೆಯ ಕನ್ನಡ ಶಾಸನಗಳನ್ನು ಓದುವ ದಾರಿ ಕಂಡುಕೊಂಡವರು. 1803ರಲ್ಲಿ, ಇನ್ನೂ 27ರ ಪ್ರಾಯದಲ್ಲಿ ತೀರಿಕೊಂಡರು. ಅವರ ತಮ್ಮ ಲಕ್ಷ್ಮಯ್ಯ ಆ ಜವಾಬ್ದಾರಿ ಹೊತ್ತು ಕೊನೆಯವರೆಗೂ ಮೆಕೆಂಝಿಯವರ ಜೊತೆಗಿದ್ದರು. ಹಿಕ್ಕಿಯವರ ಚಿತ್ರದಲ್ಲಿ ಕಾಣುವ ಮತ್ತೊಬ್ಬರು ಈ ಲಕ್ಷ್ಮಯ್ಯನವರೇ. ದುರ್ಬೀನು ಹಿಡಿದವರು ಕೃಷ್ಣಾಜಿ ಎಂಬ ಜವಾನರು.

ಧರ್ಮಯ್ಯನವರು ಸಂಸ್ಕೃತ, ಹಳಗನ್ನಡ ಬಲ್ಲವರು. ನಮ್ಮ ಬಸದಿಗಳ ಶಾಸನಗಳು, ಭಂಡಾರದ ಓಲೆಗರಿಗಳು ಹಳಗನ್ನಡದಲ್ಲಿ, ಸಂಸ್ಕೃತದಲ್ಲಿ ಇದ್ದವು. ಅಕ್ಷರ ಓದಿದರೂ ಒಳಗಿನ ಪರಿಭಾಷೆ ಜೈನರಲ್ಲದವರಿಗೆ ಸುಲಭವಾಗಿ ತಿಳಿಯುವಂಥದ್ದಲ್ಲ. ಸಲ್ಲೇಖನ, ನಿಸಿಧಿ, ಗಣ, ಗಚ್ಛ, ಅನ್ವಯ, ಬಸದಿಗೆ ಬಿಟ್ಟ ದತ್ತಿ, ಇವೆಲ್ಲ ಒಳಗಿನವರು ಹೇಳಿಕೊಡಬೇಕಾದ ಮಾತುಗಳು. ಆ ಕೆಲಸಕ್ಕೆ ಒಬ್ಬ ಜೈನ ಪಂಡಿತರೇ ಬೇಕಾಗಿತ್ತು. ಧರ್ಮಯ್ಯನವರು ಆ ಜಾಗದಲ್ಲಿದ್ದರು.

ಆಗ ಯುರೋಪಿನ ವಿದ್ವಾಂಸರಿಗೆ ಜೈನಧರ್ಮ ಎಂಬುದು ಬೇರೆಯಾಗಿ ಇದೆಯೆಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಬೌದ್ಧರ ಒಂದು ಕವಲು ಎಂದೋ, ಹಿಂದೂ ಧರ್ಮದ ಒಂದು ಪಂಗಡ ಎಂದೋ ಭಾವಿಸಿದ್ದರು. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿ ಹೊರಡಿಸುತ್ತಿದ್ದ ಏಷಿಯಾಟಿಕ್ ರಿಸರ್ಚಸ್ ಎಂಬ ಗ್ರಂಥಮಾಲೆಯ 9ನೇ ಸಂಪುಟದಲ್ಲಿ ಜೈನರ ಬಗ್ಗೆ ಮೂರು ಬರಹಗಳು ಬಂದವು. ಮೊದಲನೆಯದು ಮೆಕೆಂಝಿಯವರು ಒಬ್ಬ ಜೈನ ಪುರೋಹಿತರಿಂದ ಕೇಳಿ ಸಂಗ್ರಹಿಸಿ, ಬೊರ್ರಯ್ಯನವರಿಂದ ಅನುವಾದ ಮಾಡಿಸಿದ್ದು. ಎರಡನೆಯದು ಬುಕನನ್ನರದ್ದು. ಮೂರನೆಯದು ಕೋಲ್‌ಬ್ರೂಕ್ ಎಂಬ ಸಂಸ್ಕೃತ ವಿದ್ವಾಂಸರದ್ದು. ಯುರೋಪಿನವರು ನಮ್ಮ ಧರ್ಮದ ಬಗ್ಗೆ ಮನಸ್ಸಿಟ್ಟು ಓದಿದ ಮೊದಲ ಬರಹಗಳಲ್ಲಿ ಇವು ಸೇರಿವೆ. ಜೈನಧರ್ಮ ಬೌದ್ಧಧರ್ಮದಿಂದ ಬೇರೆಯಾದ, ತನ್ನದೇ ಆದ ಧರ್ಮ ಎಂಬುದನ್ನು ಯುರೋಪಿನಲ್ಲಿ ಗಟ್ಟಿಯಾಗಿ ಸ್ಥಾಪಿಸಿದವರು ಜರ್ಮನಿಯ ಹರ್ಮನ್ ಯಾಕೋಬಿ, ಅದೂ 1879ರಲ್ಲಿ. ಆ ದಾರಿಯ ಮೊದಲ ಹೆಜ್ಜೆಗಳು ಬಿದ್ದದ್ದು ನಮ್ಮ ಮೈಸೂರು ಸೀಮೆಯ ಬಸದಿ, ಮಠಗಳ ಅಂಗಳದಲ್ಲಿ.

ಕನಕಗಿರಿಯಲ್ಲಿ ಮೆಕೆಂಝಿ

ನಮ್ಮ ಸೀಮೆಗೆ ಜೈನಧರ್ಮ ಹೊಸದಲ್ಲ. ಚಾಮರಾಜನಗರಕ್ಕೆ ಅರಿಕುಠಾರ ಎಂಬ ಹೆಸರಿದ್ದ ಕಾಲದಲ್ಲಿ, 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ಅಲ್ಲಿ ತ್ರಿಕೂಟ ಬಸದಿ ಕಟ್ಟಿಸಿದನು. ಮೈಸೂರಿನ ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತರು ಯಳಂದೂರಿನ ಜೈನರು. ಕನಕಗಿರಿಯಂತೂ ಪೂಜ್ಯಪಾದ ಆಚಾರ್ಯರ ತಪೋಭೂಮಿ ಎಂದು ನಮ್ಮ ಪರಂಪರೆ ಹೇಳುತ್ತದೆ.

1804ರಲ್ಲಿ ಮೆಕೆಂಝಿಯವರು ಈ ಕಡೆಗೆ ಬಂದರು. ಮಲೆಯೂರಿನಲ್ಲಿ ಆಗ ದೇವಚಂದ್ರ ಎಂಬ ಕವಿಗಳಿದ್ದರು. 1770ರಲ್ಲಿ ಹುಟ್ಟಿದವರು, ಆಗ ಮೂವತ್ತನಾಲ್ಕರ ವಯಸ್ಸು. ಸ್ಥಳದ ಪೂರ್ವ ವೃತ್ತಾಂತವನ್ನು ಮೆಕೆಂಝಿಯವರು ಕೇಳಿದಾಗ ದೇವಚಂದ್ರರು ಪೂಜ್ಯಪಾದ ಚರಿತೆಯನ್ನು ತೆಗೆದುಕೊಂಡು ಹೋಗಿ ತೋರಿಸಿದರು. ಮೆಕೆಂಝಿಯವರು ಅವರನ್ನು ಕೆಲವು ಕಾಲ ತಮ್ಮ ಜೊತೆಯಲ್ಲಿಟ್ಟುಕೊಂಡು, ಹಳೆಯ ರಾಜರ, ಊರುಗಳ, ಮತಗಳ ಕಥೆಗಳನ್ನೆಲ್ಲ ಸೇರಿಸಿ ಬರೆಯಬೇಕೆಂದು ಒತ್ತಾಯ ಮಾಡಿದರು. ಆ ಮಾತು ದೇವಚಂದ್ರರ ಮನಸ್ಸಿನಲ್ಲಿ ಉಳಿಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅವರು ರಾಜಾವಳೀ ಕಥೆಯನ್ನು ಬರೆದು ಮುಗಿಸಿದರು. ಮೈಸೂರು ಅರಮನೆಯ ದೇವಿರಮ್ಮಣ್ಣಿಯವರ ಪ್ರೋತ್ಸಾಹವೂ ಅದಕ್ಕೆ ಸಿಕ್ಕಿತು. ತೀರ್ಥಂಕರರ ಕಾಲದಿಂದ ಹಿಡಿದು ಗಂಗರು, ಹೊಯ್ಸಳರು, ಮೈಸೂರು ಒಡೆಯರವರೆಗೆ ಅದರಲ್ಲಿ ಕಥೆಗಳಿವೆ. ಭದ್ರಬಾಹು ಮುನಿಗಳು, ಚಂದ್ರಗುಪ್ತ ಮೌರ್ಯರು ಬೆಳಗೊಳಕ್ಕೆ ಬಂದ ವಿಷಯ ಬರೆಯುವ ವಿದ್ವಾಂಸರು ಇವತ್ತಿಗೂ ರಾಜಾವಳೀ ಕಥೆಯ ಹೆಸರು ಹೇಳುತ್ತಾರೆ.

ಒಂದೇ ಊರಿನಿಂದ ಇಬ್ಬರು. ಒಬ್ಬರು ಮೆಕೆಂಝಿಯವರ ಸಂಗಡ ಊರೂರು ತಿರುಗಿ ಓದಿ ಹೇಳಿದರು. ಇನ್ನೊಬ್ಬರು ಊರಿನಲ್ಲೇ ಕೂತು ಬರೆದರು. ಮಲೆಯೂರಿನಂಥ ಸಣ್ಣ ಊರಿನಲ್ಲಿ ಆಗ ಎಷ್ಟು ವಿದ್ಯೆ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗೊಮ್ಮಟನ ಅಳತೆ

ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿ ಯುರೋಪಿನವರಿಗೆಲ್ಲ ಅಚ್ಚರಿಯಾಗಿತ್ತು. ವಿಂಧ್ಯಗಿರಿಯ ನೆತ್ತಿಯ ಬಂಡೆಯನ್ನೇ ಕಡೆದು ನಿಲ್ಲಿಸಿದ ಮೂರ್ತಿ, ಚಾವುಂಡರಾಯರು 981ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಗುಹೆಯಲ್ಲಿ ಬಂಡೆಯನ್ನು ಒಳಗೆ ಕೊರೆದರೆ, ಇಲ್ಲಿ ಸುತ್ತಲಿನ ಬಂಡೆಯನ್ನೆಲ್ಲ ತೆಗೆದು ಸ್ವಾಮಿಯನ್ನು ಉಳಿಸಿದ್ದಾರೆ. ಇದರ ಎತ್ತರದ ಬಗ್ಗೆಯೇ ಒಬ್ಬೊಬ್ಬರದು ಒಂದೊಂದು ಲೆಕ್ಕ. ಬುಕನನ್ನರ ಪುಸ್ತಕದಲ್ಲಿ 70 ಅಡಿ 3 ಅಂಗುಲ ಎಂದು ಅಚ್ಚಾಯಿತು. ಮುಂದೆ ಮೈಸೂರಿನ ಚೀಫ್ ಕಮಿಷನರ್ ಬೌರಿಂಗ್ ಅಳೆಸಿದಾಗ ಬಂದದ್ದು 57 ಅಡಿ. ಹದಿಮೂರು ಅಡಿಯ ವ್ಯತ್ಯಾಸ! ಅಂಗಡಿಯಲ್ಲಿ ಗಜಕ್ಕೆ ಒಂದು ಗೇಣು ತಪ್ಪಿದರೆ ಗಿರಾಕಿ ಬಿಡುವುದಿಲ್ಲ.

ಮೆಕೆಂಝಿಯವರು ಗೊಮ್ಮಟನ ಚಿತ್ರ ಬರೆಸಿದರು. ಶ್ರವಣಬೆಳಗೊಳದ ಬೆಟ್ಟ, ಬಸದಿಗಳ ಚಿತ್ರಗಳೂ ಅವರ ಸಂಗ್ರಹದಲ್ಲಿ ಸೇರಿದವು. ಶಾಸನಗಳನ್ನು ಪ್ರತಿ ಮಾಡಿಸಿದರು. ಮುಂದೆ ಬಿ. ಎಲ್. ರೈಸ್, ಆರ್. ನರಸಿಂಹಾಚಾರ್ ಅವರು ಬೆಳಗೊಳದ ನೂರಾರು ಶಾಸನಗಳನ್ನು ಪುಸ್ತಕ ಮಾಡಿ ಹೊರತಂದರು. ಕರ್ನಾಟಕದ ಶಾಸನಗಳನ್ನು ಕೂಡಿಹಾಕುವ ಆ ದೊಡ್ಡ ಕೆಲಸಕ್ಕೆ ಅವರಿಗಿಂತ ಬಹಳ ಮುಂಚೆ ಕೈ ಹಾಕಿದವರು ಮೆಕೆಂಝಿ ಮತ್ತು ಅವರ ಪಂಡಿತರು.

1816ರಲ್ಲಿ ತಮ್ಮ ಚಿತ್ರ ಬರೆಸಿಕೊಳ್ಳುವಾಗ ಮೆಕೆಂಝಿಯವರಿಗೆ 62 ವರ್ಷ. ಬೇಕಿದ್ದರೆ ಹಿಂದೆ ಗೆದ್ದ ಕೋಟೆಯನ್ನೋ, ಯುದ್ಧದ ಹೊಗೆಯನ್ನೋ ತೋರಿಸಬಹುದಿತ್ತು. ಆ ಕಾಲದ ಸೇನಾಧಿಕಾರಿಗಳ ಚಿತ್ರಗಳಲ್ಲಿ ಅದೇ ವಾಡಿಕೆ. ಈ ಚಿತ್ರದಲ್ಲಿ ಬಂದದ್ದು ಗೊಮ್ಮಟ. ಜೊತೆಗೆ ತಮ್ಮ ಪಂಡಿತರನ್ನೂ ಜವಾನರನ್ನೂ ನಿಲ್ಲಿಸಿಕೊಂಡರು. ಆಳುವ ಜನ ಇಂಥವರ ಹೆಸರನ್ನೂ ಬರೆಯದಿದ್ದ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಅಮರಾವತಿ ಕಲಿಸಿದ ಪಾಠ

ಕೃಷ್ಣಾ ನದಿಯ ದಡದ ಅಮರಾವತಿಯಲ್ಲಿ ಒಂದು ದೊಡ್ಡ ದಿಬ್ಬವಿತ್ತು. ಅಲ್ಲಿನ ಜಮೀನ್ದಾರರು ಊರು ಕಟ್ಟಿಸಲು ಕಲ್ಲಿಗಾಗಿ ಅಗೆಸಿದಾಗ ಕೆತ್ತನೆಯ ಹಲಗೆಗಳು ಹೊರಬಂದವು. 1798ರಲ್ಲಿ ಮೆಕೆಂಝಿಯವರು ಹೋಗಿ ನೋಡಿದರು. ಅದು ಬೌದ್ಧ ಸ್ತೂಪ ಎಂದು ಆಗ ಯಾರಿಗೂ ತಿಳಿಯದು. ಜೈನರದ್ದಿರಬಹುದು ಎಂದು ಅವರೂ ಊಹಿಸಿದ್ದರು. ಬೇರೆ ಕೆಲಸಗಳ ನಡುವೆ ಮತ್ತೆ ಅಲ್ಲಿಗೆ ಹೋಗಲು ಹದಿನೆಂಟು ವರ್ಷ ಹಿಡಿಯಿತು. 1816ರಲ್ಲಿ ಹೋದಾಗ ದಿಬ್ಬದ ನಡುವೆ ಕೊಳ ತೋಡಿಯಾಗಿತ್ತು. ಎಷ್ಟೋ ಕಲ್ಲುಗಳು ಹೊಸ ಕಟ್ಟಡಗಳಿಗೆ ಹೋಗಿದ್ದವು. ಉಳಿದವನ್ನು ಅವರ ನಕಾಶೆಗಾರರು ಒಂದೊಂದಾಗಿ ಬರೆದರು. ಆ ಕಲ್ಲುಗಳಲ್ಲೂ ಕೆಲವು ಆಮೇಲೆ ಕಳೆದುಹೋದವು. ಅವು ಹೇಗಿದ್ದವು ಎಂಬುದಕ್ಕೆ ಇವತ್ತು ಆ ಚಿತ್ರವೇ ಆಧಾರ.

ನಡುವೆ 1811ರಲ್ಲಿ ಮೆಕೆಂಝಿಯವರನ್ನು ಜಾವಾ ದ್ವೀಪದ ಯುದ್ಧಕ್ಕೆ ಕಳಿಸಿದರು. ಅಲ್ಲಿಯೂ ಅವರು ಪ್ರಂಬಾನನ್ ಎಂಬಲ್ಲಿನ ಹಳೆಯ ದೇವಾಲಯಗಳನ್ನು ಅಳೆದು ಬರೆಸಿದರು. 1812ರಲ್ಲಿ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬ ಡಚ್ ಮನೆತನದ ಹೆಣ್ಣುಮಗಳನ್ನು ಅಲ್ಲಿಯೇ ಮದುವೆಯಾದರು. ಹಿಂದಿರುಗಿ ಬಂದ ಮೇಲೆ 1815ರಲ್ಲಿ ಭಾರತದ ಸರ್ವೇಯರ್ ಜನರಲ್ ಹುದ್ದೆ ಸಿಕ್ಕಿತು. 1817ರಲ್ಲಿ ಕಲ್ಕತ್ತೆಗೆ ಹೋದರು. ಸಂಗ್ರಹಕ್ಕೆಲ್ಲ ಒಂದು ಪಟ್ಟಿ ಮಾಡಿ, ಪುಸ್ತಕ ಬರೆಯಬೇಕೆಂಬ ಆಸೆ ಇತ್ತು. ಆರೋಗ್ಯ ಕೆಟ್ಟಿತ್ತು. 1821ರ ಮೇ 8ರಂದು ತೀರಿಕೊಂಡರು. ಪುಸ್ತಕ ಆಗಲಿಲ್ಲ.

ಸಂಗ್ರಹದ ಗತಿ

ಎಚ್. ಎಚ್. ವಿಲ್ಸನ್ ಎಂಬ ವಿದ್ವಾಂಸರು 1828ರಲ್ಲಿ ಈ ಸಂಗ್ರಹದ ಪಟ್ಟಿ ಅಚ್ಚು ಹಾಕಿಸಿದರು. 1,568 ಹಸ್ತಪ್ರತಿ ಗ್ರಂಥಗಳು, 2,070 ಸ್ಥಳ ವೃತ್ತಾಂತಗಳು, 8,076 ಶಾಸನಗಳ ಪ್ರತಿ, 2,630 ಚಿತ್ರಗಳು, 6,218 ನಾಣ್ಯಗಳು. ಒಬ್ಬ ಮನುಷ್ಯ ನೌಕರಿಯ ನಡುವೆ, ತನ್ನ ಸಂಬಳದ ಹಣವನ್ನೂ ಹಾಕಿ ಕೂಡಿಸಿದ್ದು ಇದು. ಅವರ ಪತ್ನಿಯಿಂದ ಸರ್ಕಾರ ಇದನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. ಚಿತ್ರಗಳು, ನಕ್ಷೆಗಳು, ಕೆಲವು ಹಸ್ತಪ್ರತಿಗಳು ಲಂಡನ್ನಿಗೆ ಹೋದವು. ದಕ್ಷಿಣದ ಭಾಷೆಗಳ ಗ್ರಂಥಗಳು, ಕೈಫಿಯತ್ತುಗಳು ಮದ್ರಾಸಿಗೆ ಬಂದವು. ಅವು ಈಗ ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ.

ಕೆಲಸ ಮುಂದುವರಿಸುತ್ತೇನೆ, ಅವಕಾಶ ಕೊಡಿ ಎಂದು ಲಕ್ಷ್ಮಯ್ಯನವರು ಕೇಳಿಕೊಂಡರು. ನಮ್ಮ ದೇಶದವರಿಗೆ ಇಂಥ ಕೆಲಸವನ್ನು ನಡೆಸುವ ಶಕ್ತಿ ಇಲ್ಲವೆಂದು ಕಲ್ಕತ್ತೆಯ ದೊಡ್ಡವರು ತೀರ್ಮಾನಿಸಿ ಅದನ್ನು ತಳ್ಳಿಹಾಕಿದರು. ಅಷ್ಟು ವರ್ಷ ಅದೇ ಕೆಲಸ ಮಾಡಿದ್ದವರಿಗೆ ಸಿಕ್ಕ ಉತ್ತರ ಇದು. ಹೆಸರು ಮಾತ್ರ ಮೆಕೆಂಝಿ ಸಂಗ್ರಹ ಎಂದೇ ಉಳಿಯಿತು. ಧರ್ಮಯ್ಯನವರ ಹೆಸರಿನಲ್ಲಿ ನಮ್ಮ ಕಡೆ ಒಂದು ಕಲ್ಲೂ ಇದ್ದಂತಿಲ್ಲ.

ಊರಿನ ಓಲೆಗರಿ, ತಾಮ್ರಪಟ, ನಾಣ್ಯಗಳನ್ನು ಹೊರದೇಶದವರು ಕೊಂಡುಹೋದರು ಎಂಬ ಬೇಸರ ನಮ್ಮಲ್ಲಿದೆ. ಬೇಸರ ನ್ಯಾಯವಾದದ್ದೇ. ಆದರೆ ಇಲ್ಲೇ ಉಳಿದವು ಏನಾದವು ಎಂದೂ ಕೇಳಿಕೊಳ್ಳಬೇಕು. ನನಗೆ ತಿಳಿದ ಒಂದು ಮನೆಯಲ್ಲಿ ಮರದ ಪೆಟ್ಟಿಗೆ ತುಂಬ ಓಲೆಗರಿ ಕಟ್ಟುಗಳಿದ್ದವು. ಮನೆ ರಿಪೇರಿ ಮಾಡುವಾಗ, ಓದಲು ಯಾರಿಗೂ ಬರದು, ಹುಳ ಹಿಡಿದಿದೆ ಎಂದು ಕಾವೇರಿಗೆ ಬಿಟ್ಟುಬಂದರು. ಭಕ್ತಿಯಿಂದಲೇ ಬಿಟ್ಟರು, ಅರಿಸಿನ ಕುಂಕುಮ ಹಾಕಿ ಬಿಟ್ಟರು. ಅದರಲ್ಲಿ ಏನಿತ್ತು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಆ ದಿನ ನಾನೂ ಅಲ್ಲಿದ್ದೆ, ಬೇಡ ಎನ್ನಲಿಲ್ಲ. ಮೆಕೆಂಝಿಯವರು ಕೊಂಡುಹೋದದ್ದನ್ನು ಚೆನ್ನೈಗೆ ಹೋಗಿಯಾದರೂ ಓದಬಹುದು. ನಾವು ಹೊಳೆಗೆ ಬಿಟ್ಟದ್ದನ್ನು ಎಲ್ಲಿ ಓದುವುದು?

ನಮ್ಮ ಪಾಲಿನ ಕೆಲಸ

ಕೈಫಿಯತ್ತುಗಳಲ್ಲಿ ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಕರ್ನಾಟಕದ ಕೈಫಿಯತ್ತುಗಳು ಎಂಬ ದೊಡ್ಡ ಪುಸ್ತಕವಾಗಿ 1994ರಲ್ಲಿ ಹೊರತಂದಿದ್ದಾರೆ. ದೇವಚಂದ್ರರ ರಾಜಾವಳೀ ಕಥೆಯೂ ಅಚ್ಚಾಗಿದೆ. ಪಾಠಶಾಲೆಯ ಮಕ್ಕಳಿಗೆ, ಪರ್ವದ ದಿನಗಳಲ್ಲಿ ಬಸದಿಯಲ್ಲಿ ಸೇರುವವರಿಗೆ ಇವುಗಳಲ್ಲಿ ನಮ್ಮ ಸೀಮೆಯ ಭಾಗವನ್ನು ಯಾರಾದರೂ ಓದಿ ಹೇಳಿದರೆ ಅದೇ ಒಂದು ಸ್ವಾಧ್ಯಾಯ.

ಇನ್ನೊಂದು ವಿನಂತಿ. ಯಾರ ಮನೆಯ ಅಟ್ಟದಲ್ಲಾದರೂ ಓಲೆಗರಿ, ಕಡತ, ಹಳೆಯ ಕೈಬರಹದ ಪೂಜಾ ಪುಸ್ತಕ ಇದ್ದರೆ ನೀರಿಗೆ ಬಿಡಬೇಡಿ, ಗುಜರಿಗೆ ಹಾಕಬೇಡಿ, ಎಣ್ಣೆ ಸವರಲು ನೀವೇ ಕೈ ಹಾಕಬೇಡಿ. ಒಣ ಜಾಗದಲ್ಲಿ ಬಟ್ಟೆಯಲ್ಲಿ ಸುತ್ತಿಡಿ. ಫೋಟೋ ತೆಗೆದಿಡಿ. ಹತ್ತಿರದ ಮಠಕ್ಕೋ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ, ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಗೋ ತಿಳಿಸಿ. ಬಸದಿಯ ಗೋಡೆಗೆ ಸುಣ್ಣ ಬಣ್ಣ ಹೊಡೆಸುವ ಮೊದಲು ಕಲ್ಲಿನ ಮೇಲೆ ಅಕ್ಷರ ಇದೆಯೇ ಎಂದು ಒಮ್ಮೆ ನೋಡಿ.

ನಮ್ಮ ಮಕ್ಕಳಲ್ಲಿ ಎಂಜಿನಿಯರು, ಡಾಕ್ಟರು, ಸಿಎ ಓದಿದವರು ಎಷ್ಟೋ ಜನ ಇದ್ದಾರೆ. ಹಳಗನ್ನಡ ಓದಲು ಬರುವವರು ಊರಿಗೆ ಒಬ್ಬರೂ ಸಿಕ್ಕುವುದಿಲ್ಲ. ಮನೆಗೊಬ್ಬರು ಬೇಡ, ತಾಲ್ಲೂಕಿಗೆ ಒಬ್ಬರು ಕಲಿತರೂ ಸಾಕು. ಧರ್ಮಯ್ಯನವರು ಒಬ್ಬರೇ ಇದ್ದದ್ದಕ್ಕೆ ಅಷ್ಟು ಆಯಿತು.

ಮುಂದಿನ ಸಲ ಕನಕಗಿರಿಗೆ ಹೋದಾಗ ಬೆಟ್ಟ ಹತ್ತುವ ಮೊದಲು ಮಲೆಯೂರಿನಲ್ಲಿ ಒಂದು ಕ್ಷಣ ನಿಲ್ಲಿ. ಧರ್ಮಯ್ಯನವರ ಹೆಸರನ್ನೂ ದೇವಚಂದ್ರರ ಹೆಸರನ್ನೂ ಮಕ್ಕಳಿಗೆ ಹೇಳಿ. ದೂರ ದ್ವೀಪದಿಂದ ಬಂದು, ಭಾಷೆ ಬರದಿದ್ದರೂ ಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿ ತಿಳಿದ ಆ ಕರ್ನಲ್ ಸಾಹೇಬರ ಹೆಸರನ್ನೂ ಜೊತೆಗೆ ಹೇಳಿ.

ಜೈನಂ ಜಯತು ಶಾಸನಂ.